ಹೊತ್ತು ಮುಳುಗದ ಪಾಳಿ

ರಾತ್ರಿ ಪಾಳಿ ಅಂತ ಬರೆದು ಸಹಿ ಹಾಕಿಸಿಕೊಂಡರು.
ರಾತ್ರಿ ಎಲ್ಲಿದೆ ಅಂತ ನಾನೂ ಕೇಳಲಿಲ್ಲ.
ಮೇ ಹದಿನೇಳರ ಬಾವುಟ ಇಳಿಸಿದ ಮೇಲೆ
ಬೋಟ್ಸ್‌ಫ್ಯೋರ್ಡಿನಲ್ಲಿ ಹೊತ್ತು ಮುಳುಗುವುದಿಲ್ಲ;
ಬೇಲಿಗೆ ಬಂದ ಹಿಮಸಾರಂಗದ ಹಾಗೆ
ಕಡಲಂಚಿಗೆ ಬಂದು, ಮೂಸಿ, ವಾಪಸು ಹೋಗುತ್ತದೆ.

ಹನ್ನೊಂದಕ್ಕೆ ಡಬ್ಬಿ ಹಿಡಿದು ಹೊರಟರೆ
ಪಕ್ಕದ ಮನೆಯ ತೊರ್ಗೈರ್ ಬೇಲಿಗೆ ಬಣ್ಣ ಬಳಿಯುತ್ತಿದ್ದ,
ಕಪ್ಪು ಕನ್ನಡಕ ಹಾಕಿಕೊಂಡು.
ಶುಭರಾತ್ರಿ ಅಂದ. ಇಬ್ಬರೂ ನಕ್ಕೆವು.
ನನ್ನ ನೆರಳು ಅವನ ಬೇಲಿ ದಾಟಿ, ರಸ್ತೆ ದಾಟಿ,
ಮೀನಿನ ಕಾರ್ಖಾನೆಯನ್ನು ನನಗಿಂತ ಮುಂಚೆ ಮುಟ್ಟಿತು.

ಒಳಗೆ ಮಾತ್ರ ಹೊತ್ತಿಲ್ಲ, ಗೊತ್ತಿಲ್ಲ.
ಬಿಳಿ ಟ್ಯೂಬ್‌ಲೈಟು, ಬಿಳಿ ಬೂಟು, ಬಿಳಿ ಮೀನು.
ಅಡಿಯಿಂದ ಬೆಳಕು ಬಿಟ್ಟ ಗಾಜಿನ ಮೇಲೆ
ಸೀಳಿದ ಕಾಡ್ ಮೀನು ಬರುತ್ತದೆ, ಬರುತ್ತದೆ;
ಹುಳ ಕಂಡರೆ ಚಿಮಟ, ಮುಳ್ಳು ಕಂಡರೆ ಚಾಕು.
ಮೂರರ ಸುಮಾರಿಗೆ ಕೈ ನನ್ನದಲ್ಲ,
ಬಾಯಿಗೆ ಬಂದ ಮಾತೂ ನನ್ನದಲ್ಲ.
ಮೊನ್ನೆ ಖಾಲಿ ಬೆಲ್ಟಿಗೆ 'ಬಾ, ಬಾ' ಅಂದೆನಂತೆ.

ಯೊರುನ್‌ಗೆ ಇದು ಇಪ್ಪತ್ತೆರಡನೆಯ ವರ್ಷ. ಹೇಳಿದಳು:
ಕಿಟಕಿಗೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಅಂಟಿಸು,
ಹೊಳೆಯುವ ಮೈ ಹೊರಗೆ.
ಎರಡರ ಮೇಲೆ ಕಾಫಿ ಮುಟ್ಟಬೇಡ.
ಮನೆಗೆ ಹೋಗುವಾಗ ಟೋಪಿ ಕಣ್ಣಿಗೆ ಎಳೆದುಕೋ,
ದಾರಿಯಲ್ಲಿ ಯಾರನ್ನೂ ಮಾತಾಡಿಸಬೇಡ,
ಮಾತಾಡಿಸಿದರೆ ಬೆಳಗಾಗಿಬಿಡುತ್ತೆ.
ನಿದ್ದೆ ಬರಲಿಲ್ಲ ಅಂತ ಬೈಯಬೇಡ. ಅದು ಬೆಕ್ಕಿನ ಜಾತಿ.
ಕರೆದರೆ ಬರಲ್ಲ,
ಸುಮ್ಮನೆ ಕೂತರೆ ಬಂದು ಕಾಲ ಮೇಲೆ ಮಲಗುತ್ತೆ.

ಅಂಟಿಸಿದೆ.
ಹಾಳೆಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತು.
ಅದಕ್ಕೆ ಅಷ್ಟೇ ಸಾಕಾಯಿತು.
ಗೋಡೆಯ ಮೇಲೆ ಕಾಸಗಲದ ಬಿಸಿಲು
ಕಪಾಟಿನಿಂದ ಕನ್ನಡಿಗೆ, ಕನ್ನಡಿಯಿಂದ ನನ್ನ ಮೊಣಕಾಲಿಗೆ
ನಡೆದದ್ದನ್ನು ಹಾದಿಯುದ್ದಕ್ಕೂ ನೋಡಿದೆ.
ಕಿಟಕಿಯ ನೆತ್ತಿಗೆ ಗೂಡು ಕಟ್ಟಿದ ಕಡಲಹಕ್ಕಿಗಳು
ತಮ್ಮ ಸಂಸಾರದ ಜಗಳವನ್ನೆಲ್ಲ
ನನ್ನ ದಿಂಬಿನ ಮೇಲೆ ತಂದು ಸುರಿದವು.
ಮಾರನೆಯ ದಿನ ಕೆಲಸಕ್ಕೆ ಹೋದವಳ ಬೆನ್ನ ಮೇಲೆ
ಹೊತ್ತನ್ನೇ ಹೊತ್ತು ಹೋದಷ್ಟು ಭಾರ.

ಒಂದು ದಿನ ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಏಳು.
ಅಯ್ಯೋ, ಶಾಲೆ!
ಎದ್ದುಬಿದ್ದು ಬ್ರೆಡ್ ಕೊಯ್ದು, ಕಂದು ಚೀಸು ಹೆರೆದು,
ಡಬ್ಬಿ ಮುಚ್ಚಿ, ಸುನ್ನಿವಾಳನ್ನು ಕೂಗಿದೆ.
ಹೊರಗಿಂದ ಬಂದಳು, ಮಂಡಿಯ ತುಂಬ ಮಣ್ಣು.
'ಅಮ್ಮಾ, ಇದು ಸಂಜೆಯ ಏಳು.'
ನನ್ನ ಮುಖ ನೋಡಿದಳು. ಡಬ್ಬಿ ನೋಡಿದಳು.
ಸದ್ದಿಲ್ಲದೆ ಹೋಗಿ ಚೀಲ ಬೆನ್ನಿಗೇರಿಸಿ ಬಂದು
ಅಡುಗೆಮನೆಯ ಮೇಜಿಗೆ ಕೂತು, ಬೆರಳೆತ್ತಿ,
'ಊಟಕ್ಕೆ ಬಿಡ್ತೀರಾ ಟೀಚರ್?' ಅಂದಳು.
ಒಂದೇ ಡಬ್ಬಿ, ಇಬ್ಬರೂ ತಿಂದೆವು.
ಅವಳಿಗೆ ರಾತ್ರಿಯೂಟ, ನನಗೆ ಬೆಳಗಿನ ತಿಂಡಿ;
ಚೀಸಿಗೆ ಅದೊಂದೂ ಗೊತ್ತಿರಲಿಲ್ಲ.
ತಿಂದಾದ ಮೇಲೆ ಚಿಕ್ಕಮ್ಮನ ಮನೆಗೆ ಮಲಗಲು ಹೋದಳು,
ಚೀಲ ಬೆನ್ನಲ್ಲೇ ಇತ್ತು.

ನವೆಂಬರ್ ಕೊನೆಗೆ ಹೊತ್ತು ಹೊರಟೇ ಹೋಯಿತು.
ಈಗ ಊರಿಗೆಲ್ಲ ನನ್ನದೇ ಪಾಳಿ.
ಬೆಳಗಿನ ಎಂಟಕ್ಕೆ, ಕಗ್ಗತ್ತಲಲ್ಲಿ, ನಾನು ಬರುವ ದಾರಿಯಲ್ಲೇ
ತೊರ್ಗೈರ್ ಹಿಮ ಗೋರುತ್ತಿರುತ್ತಾನೆ.
'ಎಷ್ಟು ಮಲಗಿದರೂ ಸಾಲದು, ಮಲಗಿದರೆ ನಿದ್ದೆಯೂ ಇಲ್ಲ.
ನೀನು ಹೇಗೆ ತಡೀತೀಯ?'
ಬೆಕ್ಕಿನ ಮಾತು ಹೇಳಿದೆ. ತಲೆಯಾಡಿಸಿದ.
ಅವನ ಮನೆಯಲ್ಲಿ ನಾಯಿ ಇದೆ.

ಹಾಳೆ ಕಿತ್ತು ಎಷ್ಟೋ ದಿನವಾಯಿತು.
ಅಂಟಿನ ಗುರುತು ಗಾಜಿನ ಮೇಲೆ ಹಾಗೇ ಇದೆ.
ಚೆನ್ನಾಗಿ ಮಲಗುತ್ತೇನೆ, ಸುಳ್ಳು ಯಾಕೆ.
ಆದರೂ ಒಮ್ಮೊಮ್ಮೆ ನಡುಹಗಲ ಕತ್ತಲಲ್ಲಿ ಎಚ್ಚರಾದರೆ
ಕೈ ತಾನಾಗಿ ಗೋಡೆ ತಡವುತ್ತದೆ,
ಕಪಾಟಿಗೂ ಕನ್ನಡಿಗೂ ನಡುವೆ,
ಆ ಒಂದು ಕಾಸು ಅಲ್ಲೇ ಬಿದ್ದಿದೆಯೇನೋ ಅಂತ.