ಕೊನೆಯ ಸ್ಟಾಪು

ಎರಡು ದಿನ ಮಾತ್ರೆ, ಹದಿಮೂರು ದಿನ ಬಿಡುವು.
ಫ್ರಿಜ್ಜಿನ ಬಾಗಿಲ ಮೇಲೆ ನಾನೇ ಎಳೆದ ಗೆರೆಗಳು.
ಒಂದು ಗುಳಿಗೆ ರಕ್ತದ ಕ್ಯಾನ್ಸರಿನದಂತೆ,
ಇನ್ನೊಂದರಲ್ಲಿರುವುದು ಈರುಳ್ಳಿ ಸಿಪ್ಪೆಯ ಹಳದಿ.
ಅದರಲ್ಲೇ ಅಲ್ಲವೇ ನಮ್ಮಮ್ಮ ಉಣ್ಣೆಗೆ ಬಣ್ಣ ಹಾಕುತ್ತಿದ್ದದ್ದು?
ಅಥವಾ ಎರಡರೊಳಗೂ ಬರೀ ಹಿಟ್ಟಿರಬಹುದು,
ಯಾರಿಗೆ ಯಾವುದೆಂದು ನರ್ಸಿಗೂ ತಿಳಿಯದು.
ನಾನು ನಕ್ಕೆ. ಅಲ್ಗೋಟನಿಗೆ ಈಗೀಗ
ನಗು ಒಂದು ಸ್ಟಾಪು ತಡವಾಗಿ ಬರುತ್ತದೆ.

ಡಾಕ್ಟರ್ ರೆಜ್ವಾನಿ ಕಾಗದದ ಮೇಲೆ ಮಿದುಳು ಬರೆದು ಹೇಳಿದಳು:
ಕೆಲವು ಜೀವಕೋಶ ಮುದಿಯಾಗುತ್ತವೆ, ಸಾಯುವುದಿಲ್ಲ.
ದುಡಿಯವು, ಜಾಗವನ್ನೂ ಬಿಡವು,
ಕೂತಲ್ಲೇ ಏನೋ ಉಗುಳುತ್ತ
ಅಕ್ಕಪಕ್ಕದವನ್ನೂ ಕೆಡಿಸುತ್ತವೆ.
ಅವನ್ನಷ್ಟೇ ಎಬ್ಬಿಸಿ ಕಳಿಸಿದರೆ...
ಇಲಿಗಳಲ್ಲಿ ಗುಣ ಕಂಡಿದೆ. ಮನುಷ್ಯರಲ್ಲಿ, ನೋಡಬೇಕು.
ನೋಡಬೇಕು ಅಂದವಳೇ ಪೆನ್ನಿನ ಮುಚ್ಚಳ ಹಾಕಿದಳು.

ಹೇಗೆ ಗೊತ್ತಾಗುತ್ತದೆ ಔಷಧಿಗೆ, ಯಾವುದು ಮುದಿಯೆಂದು?
ಕೇಳಬೇಕೆಂದಿದ್ದೆ. ನನಗೂ ಎಪ್ಪತ್ತೆಂಟು.

ಬುಧವಾರದಿಂದ ನನ್ನ ಹೆಸರು ಕಳಕೊಂಡಿದ್ದವನು
ಥಟ್ಟನೆ ಬಾಯಿಬಿಟ್ಟ:
"ಗೊತ್ತು. ಹನ್ನೊಂದನೇ ನಂಬರು, ಸಾಲ್ಟ್‌ಹೋಲ್ಮನ್.
ಅಲ್ಲಿಂದಾಚೆ ಹಳಿಯಿಲ್ಲ, ಸಮುದ್ರ.
ರಾತ್ರಿಯ ಕಡೇ ಟ್ರಾಮಿನ ದೀಪ ಆರಿಸುವ ಮೊದಲು
ಹಿಂದಿನ ಸೀಟಿನ ತನಕ ನಡೆದು ಬರಬೇಕು.
ನಿದ್ದೆ ಹೋದವರ ಭುಜ ಮುಟ್ಟಬೇಕು, ಮೆಲ್ಲಗೆ."

"ಒಬ್ಬನನ್ನು ಎಬ್ಬಿಸಲಿಲ್ಲ" ಎಂದ, ಸ್ವಲ್ಪ ತಡೆದು.
"ಜನವರಿ. ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದ.
ಹೀಟರು ಆರಿಸದೆ ಡಿಪೋಗೇ ಕರೆದೊಯ್ದೆ.
ಪುಸ್ತಕದಲ್ಲಿ ಬರೆಯಲಿಲ್ಲ."

ಮದುವೆಯಾಗಿ ನಲವತ್ತಾರು ವರ್ಷ.
ನನಗೆ ಹೇಳಿರದ ಈ ಮಾತು
ಎಲ್ಲಿ ಕೂತಿತ್ತು ಇಷ್ಟು ಕಾಲ?
ಯಾವ ಕೋಶದ ಮಡಿಲಲ್ಲಿ, ದುಡಿಯುವುದರಲ್ಲೋ
ಸುಮ್ಮನೆ ಸೀಟು ಹಿಡಿದಿರುವುದರಲ್ಲೋ?
ರೆಜ್ವಾನಿ ಅದನ್ನೂ ಬರಕೊಂಡಳು. ಯಾವ ಕಾಲಮ್ಮಿಗೆ ಹಾಕಿದಳೋ.

ಮೂರನೇ ಸುತ್ತಿನ ಮಾತ್ರೆ ನುಂಗಿದ ರಾತ್ರಿ
ಗೋಥೆನ್‌ಬರ್ಗಿನ ಮೇಲೆ ಒದ್ದೆ ಹಿಮ.
ನನ್ನ ಭುಜದ ಮೇಲೊಂದು ಕೈ, ಮೆಲ್ಲಗೆ.
"ಕ್ಷಮಿಸಿ, ಇದು ಕೊನೆಯ ಸ್ಟಾಪು. ಇಳಿಯಬೇಕು."
ಕಣ್ಣು ಬಿಟ್ಟೆ. ಎದುರಿಗೆ ಡ್ರೈವರು,
ಪೈಜಾಮದಲ್ಲಿ, ಬೆನ್ನು ನೆಟ್ಟಗೆ.

"ಹೊರಗೆ ಬಹಳ ಚಳಿ" ಎಂದೆ.

ಯೋಚಿಸಿದ. ಕಿಟಕಿ ನೋಡಿದ, ನನ್ನ ಬರಿಗಾಲು ನೋಡಿದ.
ಹೊದಿಕೆಯನ್ನು ನನ್ನ ಕತ್ತಿನ ತನಕ ಎಳೆದು
ದೀಪ ಆರಿಸಲು ಹೋದವನು
ಆರಿಸಲಿಲ್ಲ.