ಹತ್ತೊಂಬತ್ತು ಲಾರಿಯ ಉಸಿರು

ಲಾರಿ ಅಂದರೆ ಇಲ್ಲಿ ದುಡ್ಡು, ಸರಕು ಹೊರುವ ಗಾಡಿಯಲ್ಲ.
ಜಾರ್ಜಿಯಾದ ರುಸ್ತಾವಿಯಲ್ಲಿ
ಹತ್ತೊಂಬತ್ತು ಲಾರಿಗೆ ಸಿಗುವುದಿಷ್ಟು:
ಬಚ್ಚಲ ನೀರು ಹರಿಯುವ ಬೂದು ಪೈಪು ಒಂದು ಮಾರು,
ಮೊಣಕೈಯಂಥ ತಿರುವು ಒಂದು, ಬಿಗಿಪಟ್ಟಿ ಮೂರು,
ಉಳಿದ ಚಿಲ್ಲರೆಗೆ ಒಂದು ಪೊಟ್ಟಣ ಸೂರ್ಯಕಾಂತಿ ಬೀಜ.

ವಾಖೋಗಿಂತ ಅವನ ಓಪೆಲ್ ನಾಲ್ಕು ವರ್ಷಕ್ಕೆ ದೊಡ್ಡದು.
ಒಂಬತ್ತು ಅಂತಸ್ತಿನ ಕಟ್ಟಡದ ಬುಡದಲ್ಲಿ, ಅಕ್ರೋಟು ಮರದ ಕೆಳಗೆ
ಬಾನೆಟ್ಟು ತೆರೆದು ನಿಂತಿದೆ,
ಡಾಕ್ಟರಿಗೆ ಗಂಟಲು ತೋರಿಸುವ ಮುದುಕನ ಹಾಗೆ.

"ಇಷ್ಟು ದಿನ ಇದಕ್ಕೆ ಬಿಸಿಗಾಳಿ ಕುಡಿಸಿದ್ದೀವಿ, ಗೊತ್ತಾ?
ಗಾಳಿ ತಣ್ಣಗಿದ್ದಷ್ಟೂ ದಟ್ಟ. ದಟ್ಟವಾದಷ್ಟೂ ಬೆಂಕಿ ಜೋರು."
ಯಾರೋ ಹೇಳಿದ್ದನ್ನು ತಾನೇ ಕಂಡುಕೊಂಡವನ ಹಾಗೆ ಹೇಳುತ್ತಾನೆ.
ತಂಗಿ ತ್ಸಿರಾ ಉತ್ತರ ಕೊಡುವಂತಿಲ್ಲ,
ಟಾರ್ಚು ಅವಳ ಹಲ್ಲಲ್ಲಿದೆ.

ಅವಳ ಕೂದಲು ಒಣಗಿಸುವ ಯಂತ್ರ
ಎರಡನೇ ಅಂತಸ್ತಿನ ಕಿಟಕಿಯಿಂದ
ಉದ್ದ ವೈರು ಎಳೆದುಕೊಂಡು ಇಳಿದು ಬಂದಿದೆ.
ಪೈಪು ಬೆಚ್ಚಗಾಗಿ, ಮೆತ್ತಗಾಗಿ, ರೇಡಿಯೇಟರಿನ ಪಕ್ಕ ನುಸುಳಿ ಬಾಗಿತು.
ಒಳಗಿನ ಅಂಚಿಗೆ ಉಪ್ಪುಕಾಗದದ ಉಜ್ಜು.
ಬಾಯಿಗೆ ಲಮಾರಾ ಅಜ್ಜಿಯ ಹಳೇ ಕಾಲುಚೀಲ, ಹುಳ ಹೋಗದಂತೆ.
ಎಂಜಿನ್ನಿನ ಸೆಕೆ ತಾಗದಿರಲೆಂದು ನಡುವೆ ಒಂದು ತಗಡಿನ ಗೋಡೆ:
ನಿನ್ನೆಯವರೆಗೆ ಅದು ಖಚಾಪುರಿ ಬೇಯುತ್ತಿದ್ದ ತಟ್ಟೆ.
ಅಜ್ಜಿಗೆ ಇನ್ನೂ ಹೇಳಿಲ್ಲ.

ಗರ್ದಬಾನಿ ರಸ್ತೆ. ಸಂಜೆ.
ಉಕ್ಕಿನ ಕಾರ್ಖಾನೆಯ ಹೊಗೆ ಅಡ್ಡಡ್ಡ ಮಲಗಿದೆ.
ನಿಂತಲ್ಲಿಂದ ನೂರಕ್ಕೆ ನಿನ್ನೆ ಹದಿನಾರು ಸೆಕೆಂಡು.
ಇವತ್ತು
ಹದಿನಾರು.
"ಎದುರುಗಾಳಿ," ಎಂದ ವಾಖೋ.
ತಿರುಗಿಸಿ ಬಂದರು, ಗಾಳಿ ಬೆನ್ನಿಗೆ: ಹದಿನಾರೂ ಕಾಲು.
"ನೀನು ಎಣಿಸೋದೇ ತಡ."

ಸದ್ದು ಮಾತ್ರ! ಅದನ್ನು ಅಲ್ಲಗಳೆಯುವಂತಿಲ್ಲ.
ಮೊದಲು ನೆಗಡಿಯವನ ಮೂಗಿನಂತೆ ಸೊರಗುಡುತ್ತಿದ್ದುದು
ಈಗ ಖಾಲಿ ಹಂಡೆಗೆ ಮುಖವಿಟ್ಟು ಯಾರೋ ಹೂಂಕರಿಸಿದ ಹಾಗೆ.
ಬಸ್ ನಿಲ್ದಾಣದ ಹುಡುಗರು ತಿರುಗಿ ನೋಡಿದರು.
ವಾಖೋ ಸುಮ್ಮಸುಮ್ಮನೆ ಗೇರು ಇಳಿಸಿದ.

ರಾತ್ರಿ ತ್ಸಿರಾ ಒಬ್ಬಳೇ ಇಳಿದು ಬಂದಳು.
ಕಿತ್ತೆಸೆದ ಹಳೆಯ ಸೊಂಡಿಲನ್ನು ಬೆಂಚಿನಡಿಯಿಂದೆತ್ತಿ
ಅದರ ಜಾಗದಲ್ಲಿ ಹಿಡಿದು ನೋಡಿದಳು:
ದೀಪದ ಹಿಂದೆ, ಬಿಸಿಯಿಂದ ದೂರ,
ಹೊರಗಿನ ಗಾಳಿಗೇ ಬಾಯಿಟ್ಟಿತ್ತು ಅದು, ಮೊದಲಿನಿಂದಲೂ.
ಕಂಪನಿಯವನೇನೂ ಹೆಡ್ಡನಲ್ಲ.
ಹಾಗಾದರೆ?
ಯಾರೂ ಮುಟ್ಟದ ಕಪ್ಪು ಡಬ್ಬದ ನಾಲ್ಕು ಕೊಕ್ಕೆ ಬಿಚ್ಚಿದಳು.

ಫಿಲ್ಟರು ಅಲ್ಲ, ಕರಿ ಕಂಬಳಿ.
ಅದರಡಿಗೆ ಅಕ್ರೋಟಿನ ಸಿಪ್ಪೆ, ಸೀಟಿನ ಹತ್ತಿ, ಕಡಿದ ಬಸ್ ಚೀಟಿ,
ಅಜ್ಜಿ ಹೋದ ಚಳಿಗಾಲದಿಂದ ಹುಡುಕುತ್ತಿದ್ದ ಕೆಂಪು ಉಣ್ಣೆ ದಾರ,
ಎಲ್ಲ ಸುತ್ತಿಕೊಂಡು ದುಂಡಗೆ,
ಅಂಗೈಯಷ್ಟು.
ಬೆಟ್ಟ ಅಗೆದವರಿಗೆ ಇಲಿಯೂ ಸಿಗಲಿಲ್ಲ,
ಅದು ಖಾಲಿ ಮಾಡಿ ಹೋದ ಮನೆ ಸಿಕ್ಕಿತು.

ಹೊಸ ಕಾಗದದ ಫಿಲ್ಟರಿಗೆ ಹನ್ನೊಂದು ಲಾರಿ, ತ್ಸಿರಾಳದೇ.
ಹದಿಮೂರೂವರೆ ಸೆಕೆಂಡು.
ವಾಖೋ ಬೀಜದ ಸಿಪ್ಪೆ ಉಗಿದ.
ಒಂದು ಮೈಲಿ ಮಾತಿಲ್ಲ.
"ಪೈಪು ತೆಗೀತೀಯಾ?"
"ಯಾಕೆ?"
"ಅದರಿಂದ ಏನೂ ಆಗ್ತಿಲ್ಲ."
"ಆಗ್ತಿದೆ," ಎಂದು ಕಾಲೊತ್ತಿದ. ಹಂಡೆ ಹೂಂ ಎಂದಿತು.
ಅವಳಿಗೂ ನಗು ತಡೆಯಲಿಲ್ಲ.

ಮೂಗಿಗಿಂತ ಮೂಗುತಿ ಭಾರ. ಇರಲಿ ಬಿಡಿ.
ಈಗ ಆ ಸದ್ದು ಮೂಲೆ ತಿರುಗುವ ಮೊದಲೇ
ಲಮಾರಾ ಅಜ್ಜಿ ಮೇಲೆ ಒಲೆ ಹಚ್ಚಿ,
ಹಿಟ್ಟು ತಟ್ಟಿ, ಬಾಣಲೆಗೆ ಹಾಕುತ್ತಾಳೆ.
ದಾರ ಸಿಕ್ಕಿತಲ್ಲ, ತಟ್ಟೆಯೂ ಎಲ್ಲಾದರೂ ಸಿಕ್ಕೀತು ಅನ್ನುತ್ತಾಳೆ.
ಅದೂ ಇಲಿಯ ಕೆಲಸವೇ ಇರಬೇಕು.