ಆರರಲ್ಲಿ ಒಂದು

ಇಂಜೆಕ್ಟರ್ ಆರೂ ಹೊಸವು ಎನ್ನುತ್ತದೆ ಬಿಲ್ಲು.
ಹದಿನಾಲ್ಕು ತಾಸಿನ ಕೂಲಿ. ಕೊನೆಗೆ
‘ಅಂಗಡಿ ಸಾಮಾನು’, ಅಂದರೆ ಚಿಂದಿಬಟ್ಟೆ, ಗ್ರೀಸು,
ಅದಕ್ಕೇ ನೂರೆಂಬತ್ತು ಡಾಲರ್.

ವಯೋಮಿಂಗಿನ ಗಾಳಿ ತಗಡಿನ ಬಾಗಿಲು ಬಡಿಯುತ್ತಿತ್ತು.
ಡ್ಯಾರಲ್ಡ್ ಹಂಟ್ಸಿಂಗರ್ ಕೈ ಒರೆಸಿಕೊಂಡ,
ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.
"ಹಳೆಯವು ಬೇಕಾ?" ಎಂದು ರಟ್ಟಿನ ಡಬ್ಬಿ ತಳ್ಳಿದ.
ಮಸಿ ಹಿಡಿದ ಆರು ಮೂತಿ. ಯಾವ ಲಾರಿಯವೋ.

ಬಿಟ್ಟುಹೋಗುವ ಹಿಂದಿನ ರಾತ್ರಿ
ಮಗಳ ಉಗುರುಬಣ್ಣ ಕದ್ದು, ಟಾರ್ಚು ಹಲ್ಲಲ್ಲಿ ಕಚ್ಚಿ,
ಒಂದೊಂದರ ನೆತ್ತಿಗೂ ಚುಕ್ಕೆ ಇಟ್ಟಿದ್ದೆ. ನೇರಳೆ.
ಅನುಮಾನವೆಂದಲ್ಲ. ಅಪ್ಪ ಕುರಿಗಳಿಗೆ ಇಡುತ್ತಿದ್ದ ಹಾಗೆ.

ಬಾನೆಟ್ ಎತ್ತಿದೆ. ಏನೂ ಅನ್ನಲಿಲ್ಲ.
ಒಂದು, ಎರಡು, ಮೂರು: ನೇರಳೆ.
ನಾಲ್ಕು ಬೋಳು, ಬೆಳ್ಳಗೆ ಹೊಳೆಯುತ್ತಿದೆ.
ಐದು, ಆರು: ಮತ್ತೆ ನನ್ನ ಮಂದೆ.

ಅವನೂ ನೋಡಿದ. ಕಂಪ್ರೆಸರ್ ತಾನಾಗಿ ಶುರುವಾಯಿತು, ನಿಂತಿತು.
"ಆ ಹುಡುಗ, ಹೊಸಬ..." ಎಂದ.
ಟೈರಿನ ಮೇಲೆ ಕೂತು ಉಣ್ಣುತ್ತಿದ್ದ ಹುಡುಗ
ಅಗಿಯುವುದು ನಿಲ್ಲಿಸಿದ.

ಕೋಪ ಬಂದದ್ದು ಆಗ. ಅಲ್ಲಿಯತನಕ ಬರೀ ಲೆಕ್ಕ.
"ನಾಲ್ಕನೆಯದಕ್ಕೆ ಕೊಡುತ್ತೇನೆ. ಎರಡು ತಾಸಿಗೆ ಕೊಡುತ್ತೇನೆ.
ಚಿಂದಿಬಟ್ಟೆಗೂ ಕೊಡುತ್ತೇನೆ, ಕೈ ಒರೆಸಿಕೋ.
ಹುಡುಗನ ಹೆಸರು ಬಿಲ್ಲಿನಲ್ಲಿಲ್ಲ,
ಅವನನ್ನು ಎಳೆಯಬೇಡ."

ಚಳಿಗೆ ಪೆನ್ನು ಬರೆಯಲಿಲ್ಲ.
ಊದಿ ಊದಿ ಬಿಸಿಮಾಡಿದ, ಹೊಡೆದುಹಾಕಿದ.

ಎಂಜಿನ್ ಒಂದೇ ತಿರುವಿಗೆ ಹತ್ತಿಕೊಂಡಿತು.
ನಾಲ್ಕನೆಯದನ್ನು ಚೆನ್ನಾಗಿಯೇ ಕೂರಿಸಿದ್ದಾನೆ, ಸುಳ್ಳಾಡಬಾರದು.
ಅದಕ್ಕೂ ಒಂದು ಚುಕ್ಕೆ ಇಡಬೇಕು.
ಸೀಸೆಯ ತಳ ಒಣಗಿದೆ. ಮಗಳಿಗೆ ಇನ್ನೂ ಹೇಳಿಲ್ಲ.